ಪಟೇಲನ ಬಾಯಿಗೆ ಸುಣ್ಣ ಹಾಕಿದವರು

ಮುನಿತಾಯಮ್ಮ ಮೊದಲು ಕಣ್ಣಿಗೆ ಬಿದ್ದದ್ದು ದೊಡ್ಡಬಳ್ಳಾಪುರದಲ್ಲಿ, ಡಾಕ್ಟರ್ ಹರ್ಷಿತ ಎಂಬ ಹುಡುಗಿ ಹೊಸದಾಗಿ ತೆರೆದಿದ್ದ ಸಾಕುಪ್ರಾಣಿಗಳ ಆಸ್ಪತ್ರೆಯ ಬೆಂಚಿನ ಮೇಲೆ. ಎರಡೂವರೆ ವರ್ಷದ ಹಿಂದಿನ ಮಾತು. ಯುಗಾದಿ ಕಳೆದು ಹದಿನೈದು ದಿನವಾಗಿತ್ತು. ಬೆಂಗಳೂರಿನಿಂದ ಈಚೆಗೆ ಬಂದು ಬಡಾವಣೆಗಳಲ್ಲಿ ಮನೆ ಕಟ್ಟಿಕೊಂಡವರು ತಮ್ಮ ಬೆಕ್ಕುಗಳನ್ನು ಜಾಲರಿ ಬಾಗಿಲಿನ ಪ್ಲಾಸ್ಟಿಕ್ ಪೆಟ್ಟಿಗೆಗಳಲ್ಲಿ ತಂದು ಕುಳಿತಿದ್ದರು. ಅವರ ನಡುವೆ ಈಕೆ ಒಂದು ಸೊಪ್ಪಿನ ಬುಟ್ಟಿಯನ್ನು ಕಾಲುಗಳ ನಡುವೆ ಇಟ್ಟುಕೊಂಡು, ಅದರ ಮೇಲೆ ಗೋಣಿಚೀಲ ಮುಚ್ಚಿ, ಎರಡೂ ಕೈ ಊರಿ, ಒಳಗೆ ಕಳ್ಳನನ್ನು ಹಿಡಿದಿಟ್ಟವಳಂತೆ ಕುಳಿತಿದ್ದಳು. ನಾಯಿಮರಿಗೆ ಸೂಜಿ ಹಾಕಿಸಲು ಬಂದು ಪಕ್ಕದಲ್ಲಿ ಕುಳಿತ ಒಬ್ಬರನ್ನು ಅವಳು ಕೇಳಿದ ಮೊದಲ ಪ್ರಶ್ನೆ ಕಾಯಿಲೆಯದಲ್ಲ.

"ಯಜಮಾನ್ರೇ, ಈ ಡಾಕ್ಟ್ರಮ್ಮ ಸೀಲು ಹಾಕಿ ಕಾಗದ ಬರ್ಕೊಡ್ತಾಳಾ?"

ಎಂಥ ಕಾಗದವೆಂದು ಅವರು ಕೇಳಿದ್ದಕ್ಕೆ, ತನ್ನ ಬೆಕ್ಕಿನ ಬಾಯಿಗೆ ಸುಣ್ಣ ಬಿದ್ದಿದೆ ಎಂಬ ಕಾಗದ, ಅದನ್ನು ಮೊದಲು ಬೀದಿಯ ಹೆಂಗಸರಿಗೆ ತೋರಿಸಬೇಕು, ಆಮೇಲೆ ಪೊಲೀಸರಿಗೆ ಎಂದಳು. ಬೆಕ್ಕು ಬದುಕುತ್ತದೆಯೇ ಎಂಬುದು ಅವಳ ಪಟ್ಟಿಯಲ್ಲಿ ಮೂರನೆಯದಾಗಿತ್ತು. ಹಾಗೆಂದು ಅವಳಿಗೆ ಬೆಕ್ಕಿನ ಮೇಲೆ ಪ್ರೀತಿ ಇರಲಿಲ್ಲವೆಂದು ತಿಳಿಯಬಾರದು. ಪ್ರೀತಿ ಬಹಳವಿದ್ದುದರಿಂದಲೇ ಸಿಟ್ಟು ಅದನ್ನು ಹಿಂದೆ ತಳ್ಳಿ ತಾನು ಮುಂದೆ ಬಂದು ನಿಂತಿತ್ತು.

ಮುನಿತಾಯಮ್ಮನದು ತೂಬಗೆರೆಯಿಂದ ಎರಡು ಮೈಲಿ ಆಚೆಗಿರುವ ಸಣ್ಣ ಊರು, ಒಕ್ಕಲು ಮನೆತನ. ಮನೆಗೆ ಎರಡು ಎಕರೆ ಹಿಪ್ಪುನೇರಳೆ, ಹಿತ್ತಲಲ್ಲಿ ಶೀಟು ಹೊದಿಸಿದ ಉದ್ದನೆಯ ಹುಳುಮನೆ. ಗಂಡ ಬೈರಣ್ಣ ಸಾಧು ಮನುಷ್ಯ. ಹೆಂಡತಿ ಹತ್ತು ಮಾತಾಡಿದರೆ ಅವನು ಒಂದು ಸಲ ಕೆಮ್ಮುವವನು. ರೇಷ್ಮೆ ಸಾಕುವ ಮನೆಯಲ್ಲಿ ಬೆಕ್ಕು ಬರಿಯ ಮುದ್ದಿನ ಪ್ರಾಣಿಯಲ್ಲ, ದುಡಿಯುವ ಆಳು. ಬಲಿತ ರೇಷ್ಮೆ ಹುಳುವೆಂದರೆ ಇಲಿಗೆ ಹಬ್ಬದೂಟ. ಕಾವಲು ತಪ್ಪಿದರೆ ಒಂದು ಬೆಳೆಯ ಕಾಲುಭಾಗ ಇಲಿಯ ಹೊಟ್ಟೆಗೆ ಹೋಗುತ್ತದೆ. ಮುನಿತಾಯಮ್ಮನ ಬೆಕ್ಕು ದಿನಾ ಸಂಜೆ ಹುಳುಮನೆಯ ಸುತ್ತ ಮೂರು ಸುತ್ತು ಬಂದು, ಬಾಗಿಲ ಮುಂದೆ ಕಾಲು ಮಡಿಸಿ ಕುಳಿತುಬಿಟ್ಟರೆ ಹಿಂದಿನ ಕಾಲದಲ್ಲಿ ಚಾವಡಿಯಲ್ಲಿ ಕುಳಿತ ಪಟೇಲರ ಗತ್ತು. ಆದ್ದರಿಂದ ಅದರ ಹೆಸರೂ ಪಟೇಲ. ಹುಟ್ಟಿದ್ದು ಮಾತ್ರ ಪಕ್ಕದ ಮನೆಯ ಆದಿನಾರಾಯಣಪ್ಪನ ಅಟ್ಟದ ಮೇಲೆ. ಕಣ್ಣು ಬಿಟ್ಟ ಮೇಲೆ ಇವಳೇ ಹೋಗಿ ಸೆರಗಿನಲ್ಲಿ ಎತ್ತಿಕೊಂಡು ಬಂದಿದ್ದಳು. ಅದರ ಜೊತೆಯಲ್ಲೇ ಹುಟ್ಟಿದ ಗೌರಿ ಆ ಮನೆಯಲ್ಲೇ ಉಳಿಯಿತು.

ಆದಿನಾರಾಯಣಪ್ಪನಿಗೂ ಇವರಿಗೂ ಇಪ್ಪತ್ತು ವರ್ಷದ ಮುಯ್ಯಾಳು. ಹುಳು ಹಣ್ಣಾದ ದಿನ, ಅಂದರೆ ಅವು ಸೊಪ್ಪು ಬಿಟ್ಟು ಮೈ ಹೊಳೆದು ಗೂಡು ಕಟ್ಟಲು ತಲೆ ಎತ್ತಿದ ದಿನ, ಒಂದೊಂದನ್ನೂ ಆರಿಸಿ ಚಂದ್ರಿಕೆ ಎಂಬ ಬಿದಿರಿನ ತಟ್ಟೆಯ ಮೇಲೆ ಬಿಡಬೇಕು. ಕೆಲವೇ ಗಂಟೆಗಳ ಕೆಲಸ, ಆದರೆ ಇಪ್ಪತ್ತು ಕೈ ಬೇಕು. ತಡವಾದರೆ ಹುಳು ಸೊಪ್ಪಿನ ಕಸದಲ್ಲೇ ಗೂಡು ಸುತ್ತಿಕೊಂಡು ಕೆಡುತ್ತದೆ. ಅದಕ್ಕೇ ಬೀದಿಯ ಹೆಂಗಸರೆಲ್ಲ ಇವತ್ತು ಇವರ ಮನೆಗೆ, ನಾಳೆ ಅವರ ಮನೆಗೆ. ಕೂಲಿಯ ಮಾತಿಲ್ಲ, ಅದೇ ಮುಯ್ಯಾಳು. ಅರಿಶಿನ ಕುಂಕುಮ ಕೊಟ್ಟು ಕರೆದರೆ ಬರುತ್ತಾರೆ, ಮೊದಲು ಕರೆದವರ ಮನೆಗೆ ಮೊದಲು ಹೋಗುತ್ತಾರೆ. ಕೊಟ್ಟ ಮಾತು ತಪ್ಪಿದವರು ಆ ಬೀದಿಯಲ್ಲಿ ಯಾರೂ ಇಲ್ಲ.

ಜಗಳಕ್ಕೆ ಕಾರಣ ಒಂದು ಕೋಳಿಮರಿ. ಪಟೇಲ ಅದನ್ನು ಆದಿನಾರಾಯಣಪ್ಪನ ಹಿತ್ತಲಿನಿಂದ ಕಚ್ಚಿಕೊಂಡು ಬಂದು ಇವಳ ಜಗಲಿಯ ಮೇಲೆಯೇ ತಿಂದಿತು. ಮರುದಿನ ಬೆಳಗ್ಗೆ ಆದಿನಾರಾಯಣಪ್ಪ ನಲ್ಲಿಯ ಹತ್ತಿರ, ಕೊಡ ಹಿಡಿದು ನಿಂತಿದ್ದ ಎಂಟು ಹತ್ತು ಹೆಂಗಸರ ಮುಂದೆ, ದನಿ ಏರಿಸದೆ ಹೇಳಿದ:

"ನೋಡು ತಾಯಮ್ಮ, ಇನ್ನೊಂದು ಸಲ ಅದು ನಮ್ಮ ಹಿತ್ಲಿಗೆ ಬಂದ್ರೆ ಬಾಯಿಗೆ ಸುಣ್ಣ ಹಾಕ್ತೀನಿ. ಆಮೇಲೆ ಕೋಳಿಮರಿ ಅಲ್ಲ, ನೊಣ ಹಿಡಿಯಾಕೂ ಆಗಬಾರದು."

ಹುಳುಮನೆಗೆ ಎರಚಲು ಎಲ್ಲರ ಮನೆಯಲ್ಲೂ ಸುಣ್ಣದ ಪುಡಿಯ ಚೀಲ ಇದ್ದೇ ಇರುತ್ತದೆ. ಮಾತು ಬರಿಯ ಮಾತಲ್ಲವೆಂದು ಮುನಿತಾಯಮ್ಮನಿಗೆ ಅನ್ನಿಸಿದ್ದು ಸಹಜವೇ.

ಇಪ್ಪತ್ತು ದಿನ ಕಳೆದಿರಲಿಲ್ಲ. ಪಟೇಲ ತಟ್ಟೆಯ ಹತ್ತಿರ ಓಡಿಬಂದು ಒಂದು ತುತ್ತು ಕಚ್ಚುವುದು, ಕಚ್ಚಿದೊಡನೆ ಕಿರುಚಿ ಹಿಂದಕ್ಕೆ ನೆಗೆದು ಅಟ್ಟ ಸೇರುವುದು. ಹಾಲು ಇಟ್ಟರೂ ಹಾಗೆಯೇ. ಬಾಯಿಯಿಂದ ಎಳೆ ಎಳೆಯಾಗಿ ಜೊಲ್ಲು, ಜೊಲ್ಲಿನಲ್ಲಿ ರಕ್ತದ ಗೆರೆ, ಹತ್ತಿರ ಹೋದರೆ ಹೆಣದ ನಾತ. ದಿನಾ ನೆಕ್ಕಿ ನೆಕ್ಕಿ ಹೊಳೆಯಿಸಿಕೊಳ್ಳುತ್ತಿದ್ದ ಮೈಕೂದಲು ಹಳೆಯ ಚಾಪೆಯಂತೆ ಅಂಟಿಕೊಂಡಿತು. ಬಾಯಿ ನೋಡಲು ಹೋದ ಬೈರಣ್ಣನ ಹೆಬ್ಬೆರಳನ್ನು ಪರಚಿ ಓಡಿತು. ಮೂಳೆ ಸಿಕ್ಕಿಕೊಂಡಿರಬಹುದು ಎಂದು ಅವನು ಕೆಮ್ಮಿದ. ಮುನಿತಾಯಮ್ಮ ಪಕ್ಕದ ಮನೆಯ ಗೋಡೆಯನ್ನೇ ನೋಡುತ್ತಾ, ಮೂಳೆಯಲ್ಲ, ಸುಣ್ಣ ಎಂದಳು.

ಬೇರೆ ಯಾರಾದರೂ ಆಗಿದ್ದರೆ ಬೀದಿಯಲ್ಲಿ ನಿಂತು ಮಣ್ಣು ತೂರಿ ಶಾಪ ಹಾಕುತ್ತಿದ್ದರು. ಮುನಿತಾಯಮ್ಮ ತುಟಿ ಬಿಚ್ಚಲಿಲ್ಲ. ಬೈದರೆ ಸಿಟ್ಟು ಖರ್ಚಾಗಿಹೋಗುತ್ತದೆ, ಅದನ್ನು ಉಳಿಸಿ ಬೆಳೆಸಬೇಕಾದರೆ ಬಾಯಿ ಮುಚ್ಚಿಕೊಂಡಿರಬೇಕು ಎಂಬುದು ಅವಳಿಗೆ ಗೊತ್ತಿತ್ತು. ಆದಿನಾರಾಯಣಪ್ಪನ ಹೆಂಡತಿ ಪಾಪಮ್ಮ ಎದುರಾದಾಗ ಮುನಿತಾಯಮ್ಮ ಎಂದಿನಂತೆ ಊಟವಾಯಿತೇ ಎಂದು ಕೇಳುತ್ತಿದ್ದಳು. ಕೇಳುತ್ತಲೇ, ಅವರ ಮನೆಗೆ ಎಳೆಯ ಹುಳು ಯಾವತ್ತು ಬರುತ್ತದೆ ಎಂಬುದನ್ನೂ ತಿಳಿದುಕೊಂಡಳು.

ಅದೇ ದಿನ, ಅದೇ ಕಡೆಯಿಂದ, ಅದೇ ವಯಸ್ಸಿನ ಹುಳುವನ್ನು ತಾನೂ ತರಿಸಿದಳು. ಒಟ್ಟಿಗೆ ಬಂದ ಹುಳು ಒಟ್ಟಿಗೇ ಹಣ್ಣಾಗುತ್ತದೆ. ಹುಳುವನ್ನು ಸೊಪ್ಪಿಗೆ ಬಿಟ್ಟ ಸಂಜೆಯೇ ಮುಖ ತೊಳೆದು, ಬೇರೆ ಸೀರೆ ಉಟ್ಟು, ಕುಂಕುಮದ ಬಟ್ಟಲು ಹಿಡಿದು ಬೀದಿಯ ಮನೆಮನೆಗೆ ಹೋದಳು. ಹುಳು ಹಣ್ಣಾಗಲು ಇನ್ನೂ ಹದಿನೆಂಟು ದಿನವಿತ್ತು. ಅಷ್ಟು ಮೊದಲೇ ಕರೆಯುವ ರೂಢಿ ಎಲ್ಲೂ ಇಲ್ಲ. ಇದೇನಕ್ಕ ಇಷ್ಟು ಅವಸರ ಎಂದು ನಕ್ಕರೂ ಹೆಂಗಸರು ಹಣೆಗೆ ಕುಂಕುಮ ಇಡಿಸಿಕೊಂಡರು. ಇಡಿಸಿಕೊಂಡ ಮೇಲೆ ಮಾತು ಕೊಟ್ಟಂತೆಯೇ. ಆದಿನಾರಾಯಣಪ್ಪನ ಮನೆಯೊಂದನ್ನು ಬಿಟ್ಟು ಎಲ್ಲ ಮನೆಗೂ ಹೋಗಿಬಂದಳು.

ಹುಳು ಹಣ್ಣಾಗುವ ಹಿಂದಿನ ದಿನ ಪಾಪಮ್ಮ ಕುಂಕುಮ ಹಿಡಿದು ಹೊರಟಾಗ ಪ್ರತಿ ಮನೆಯಲ್ಲೂ ಒಂದೇ ಉತ್ತರ ಸಿಕ್ಕಿತು. ಮರುದಿನ ಮುನಿತಾಯಮ್ಮನ ಹುಳುಮನೆಯಲ್ಲಿ ಬಳೆಗಳ ಸದ್ದು, ನಗು, ಕೋಳಿಸಾರಿನ ಘಮ. ಗೋಡೆಯ ಆಚೆ ಗಂಡ ಹೆಂಡತಿ ಇಬ್ಬರೇ ಉಗುರು ನೋಯುವಂತೆ ಹುಳು ಆರಿಸುತ್ತಿದ್ದರು. ಅರ್ಧಕ್ಕಿಂತ ಹೆಚ್ಚು ಹುಳು ಕಸದಲ್ಲೇ ಗೂಡು ಕಟ್ಟಿ, ಕಲೆಯಾಗಿ, ಎರಡೆರಡು ಅಂಟಿಕೊಂಡು ಹಾಳಾಯಿತು. ಹತ್ತಿರದ ವಿಜಯಪುರದ ಗೂಡಿನ ಮಾರುಕಟ್ಟೆಯಲ್ಲಿ ಕೊಳ್ಳುವವರು ಆ ಗೂಡನ್ನು ಬೆರಳಿನಿಂದ ಒತ್ತಿ ನೋಡಿ ಮುಂದೆ ಹೋದರು. ಮುನಿತಾಯಮ್ಮ ಆ ದಿನ ಉಂಡಷ್ಟು ನೆಮ್ಮದಿಯಾಗಿ ಮುದ್ದೆಯನ್ನು ಯಾವ ಹಬ್ಬದಲ್ಲೂ ಉಂಡಿರಲಿಲ್ಲ. ಪಟೇಲನಿಗೆಂದು ತೆಗೆದಿಟ್ಟ, ಸಾರಿನ ಕೋಳಿಯ ಮೆತ್ತನೆಯ ಈಲಿಯ ತುಂಡನ್ನು ಮಾತ್ರ ಅದು ಮೂಸಿ ನೋಡಿ ಹಾಗೆಯೇ ಬಿಟ್ಟಿತು.

ಆಮೇಲೆ ಪಾಪಮ್ಮ ನಲ್ಲಿಯ ಹತ್ತಿರ ಅತ್ತಳು. ನಾವು ಏನು ತಪ್ಪು ಮಾಡಿದ್ದೆವು ಎಂದು ಕೇಳಿದಾಗ ಮುನಿತಾಯಮ್ಮ ನಿನ್ನ ಗಂಡನನ್ನೇ ಕೇಳು ಎಂದಳು. ಗಂಡ ಸುಣ್ಣ ಹಾಕಿಲ್ಲವೆಂದು ಮನೆದೇವರ ಮೇಲೆ ಆಣೆ ಇಟ್ಟ. ಹೆಂಗಸರಲ್ಲಿ ಕೆಲವರಿಗೆ ಒಳಗೇ ಕಸಿವಿಸಿಯಾಯಿತು. ಗೊತ್ತಿಲ್ಲದೆ ಒಬ್ಬರ ಬೆಳೆ ಕೆಡಿಸಿದೆವಲ್ಲ ಎಂದು ಮಾತಾಡಿಕೊಳ್ಳತೊಡಗಿದರು. ಹಾಗೆ ಶುರುವಾದದ್ದೇ ಈ ಕಾಗದದ ಹಂಬಲ. ತೀರಿಸಿಕೊಂಡ ಸೇಡಿಗೆ ಸೀಲು ಬೇಕಾಗಿತ್ತು.

ಹರ್ಷಿತ ಪಟೇಲನಿಗೆ ಮತ್ತು ಬರುವ ಸೂಜಿ ಕೊಟ್ಟು, ಬಾಯಿ ಅಗಲಿಸಿ, ದೀಪ ಹಿಡಿದು ಮುನಿತಾಯಮ್ಮನನ್ನೂ ಹತ್ತಿರ ಕರೆದು ತೋರಿಸಿದಳು. ಒಸಡೆಲ್ಲ ಕೆಂಪು ಮಾಂಸದ ಮುದ್ದೆಯಾಗಿ ಊದಿ, ಹತ್ತಿ ಸೋಕಿದರೂ ರಕ್ತ ಒಸರುತ್ತಿತ್ತು. ದವಡೆ ಹಲ್ಲುಗಳ ಮೇಲೆ ಗಾರೆ ಮೆತ್ತಿದಂತೆ ಹಳದಿ ಪಾಚಿ ಗಟ್ಟಿಯಾಗಿತ್ತು. ಎರಡು ಹಲ್ಲು ಬುಡದಲ್ಲಿ ಕರಗಿ ಒಳಗೇ ಮುರಿದಿದ್ದವು. ಗಂಟಲ ಹತ್ತಿರ, ಮೇಲಿನ ದವಡೆಯೂ ಕೆಳಗಿನದೂ ಕೂಡುವ ಕಡೆ, ಹಸಿ ಹುಣ್ಣು.

"ಸುಣ್ಣ ಆಗಿದ್ರೆ ನಾಲಿಗೆ, ತುಟಿ ಸುಡ್ತಿತ್ತಮ್ಮ. ನೋಡಿ, ನಾಲಿಗೆ ಚೆನ್ನಾಗೇ ಇದೆ. ಇದು ಒಸಡಿನ ರೋಗ. ಒಂದು ವರ್ಷದಿಂದ ಬೆಳೀತಾ ಬಂದಿದೆ. ಬೆಕ್ಕು ನೋವು ತೋರಿಸ್ಕೊಳ್ಳಲ್ಲ, ತಡೆಯೋಕೆ ಆಗದೇ ಇದ್ದಾಗ ಮಾತ್ರ ನಮಗೆ ಗೊತ್ತಾಗೋದು."

ಮುನಿತಾಯಮ್ಮ ಬಹಳ ಹೊತ್ತು ಆ ಬಾಯನ್ನೇ ನೋಡಿದಳು. ಆಮೇಲೆ ಮೆಲ್ಲಗೆ, ಸುಣ್ಣ ಅಂತಲೇ ಬರೆದುಕೊಟ್ಟುಬಿಡವ್ವ, ನಿನಗೇನು ನಷ್ಟ ಎಂದಳು. ನಷ್ಟ ನನಗಲ್ಲಮ್ಮ, ಆ ಮನುಷ್ಯನಿಗೆ ಎಂದು ಹುಡುಗಿ ಕೈಗವಸು ಬಿಚ್ಚಿದಳು. ಕೋರೆಹಲ್ಲು ನಾಲ್ಕನ್ನು ಉಳಿಸಿ ಮಿಕ್ಕ ಹಲ್ಲನ್ನೆಲ್ಲ ಕೀಳಬೇಕು, ಕಿತ್ತರೆ ನೋವು ಹೋಗುತ್ತದೆ, ಹಲ್ಲಿಲ್ಲದಿದ್ದರೂ ಬೆಕ್ಕು ಮೆತ್ತನೆಯ ಅನ್ನ ಉಂಡು ಹಾಯಾಗಿ ಬದುಕುತ್ತದೆ ಎಂದು ವಿವರಿಸಿದಳು. ಕೊನೆಗೆ ಒಂದು ಪ್ರಶ್ನೆ ಕೇಳಿದಳು. ಈ ರೋಗಕ್ಕೆ ದಾರಿ ಮಾಡುವ ಸೋಂಕು ಜೊಲ್ಲಿನಿಂದ ಹರಡುತ್ತದೆ, ಜೊತೆಯಲ್ಲಿ ಹುಟ್ಟಿದ ಬೆಕ್ಕುಗಳಿಗೆ ತಾಯಿಯಿಂದಲೇ ಬಂದಿರಬಹುದು, ಇದರ ಒಡಹುಟ್ಟು ಎಲ್ಲಾದರೂ ಇದ್ದರೆ ಅದರ ಬಾಯನ್ನೂ ಈಗಲೇ ನೋಡಿಬಿಡುವುದು ಒಳ್ಳೆಯದು. ಇದೆಯೇ?

ಮುನಿತಾಯಮ್ಮನ ಕಣ್ಣ ಮುಂದೆ ಗೋಡೆಯ ಆಚೆಯ ಗೌರಿ ಬಂದು ನಿಂತಿತು. ಇಲ್ಲ ಎಂದಳು.

ಅವಳ ಬದುಕಿನಲ್ಲಿ ಅವಳು ಮಾಡಿದ ದೊಡ್ಡ ಕೇಡು ಬೆಳೆ ಕೆಡಿಸಿದ್ದಲ್ಲ, ಈ ಒಂದು ಮಾತು. ಬೆಳೆ ಕೆಡಿಸಿದಾಗ ಅವಳು ನಿಜವೆಂದು ನಂಬಿದ್ದಳು. ಇಲ್ಲ ಎಂದಾಗ ಎಲ್ಲವೂ ತಿಳಿದಿತ್ತು. ತನ್ನ ಪಟೇಲ ಅನುಭವಿಸಿದ್ದನ್ನು ಅವರ ಗೌರಿಯೂ ಅನುಭವಿಸಲಿ, ಆಣೆ ಇಟ್ಟವನು ಅದನ್ನು ಕಣ್ಣಾರೆ ನೋಡಲಿ ಎಂದುಕೊಂಡಳು. ಅವನು ತಪ್ಪು ಮಾಡಿಲ್ಲವೆಂದು ಗೊತ್ತಾದ ಮೇಲೆ ಅವನ ಮೇಲಿನ ಸಿಟ್ಟು ಇಳಿಯಬೇಕಾಗಿತ್ತು. ಇಳಿಯಲಿಲ್ಲ, ಇನ್ನೂ ಏರಿತು. ನಿರಪರಾಧಿಯಾಗಿ ಅವನು ತನ್ನನ್ನು ಸಣ್ಣವಳನ್ನಾಗಿ ಮಾಡಿಬಿಟ್ಟ ಎಂಬುದು ಅವಳ ಹೊಸ ದೂರು.

ಪಟೇಲನ ಹಲ್ಲು ಕೀಳಿಸಿಕೊಂಡು ಊರಿಗೆ ಬಂದಾಗ ಡಾಕ್ಟರು ಏನೆಂದರು ಎಂದು ಎಲ್ಲರೂ ಕೇಳಿದರು. ಹಲ್ಲೆಲ್ಲ ಕಿತ್ತುಹಾಕುವಂತೆ ಆಗಿತ್ತು ಎಂದಷ್ಟೇ ಹೇಳಿದಳು. ಅದು ಸುಳ್ಳಲ್ಲ. ಕೇಳಿದವರು ಮಿಕ್ಕದ್ದನ್ನು ತಾವೇ ತುಂಬಿಕೊಂಡರು. ಹದಿನೈದು ದಿನಕ್ಕೆ ಪಟೇಲ ಮೀನು ಕಲಸಿದ ಅನ್ನವನ್ನು ತಟ್ಟೆ ಹೊಳೆಯುವಂತೆ ನೆಕ್ಕಿತು, ತಿಂಗಳಿಗೆ ಮೈ ತುಂಬಿಕೊಂಡಿತು. ಕೋರೆಹಲ್ಲಿನಲ್ಲೇ ಇಲಿಯ ಕತ್ತು ಹಿಡಿಯುವುದನ್ನೂ ಮರೆತಿರಲಿಲ್ಲ.

ದೀಪಾವಳಿಯ ಹೊತ್ತಿಗೆ ಗೌರಿ ಜೊಲ್ಲು ಸುರಿಸತೊಡಗಿತು.

ಮುನಿತಾಯಮ್ಮ ಅದನ್ನು ಗೋಡೆಯ ಮೇಲಿಂದ ನೋಡಿದಳು. ತಟ್ಟೆಗೆ ಓಡುವುದು, ಕಚ್ಚುವುದು, ಕಿರುಚುವುದು. ಎಲ್ಲ ಪಟೇಲನ ಹಾಗೆಯೇ. ಅವಳು ಎಣಿಸದಿದ್ದ ಒಂದು ಸಂಗತಿ ಜೊತೆಗೆ ನಡೆಯಿತು. ಬೀದಿಯವರು ಇದನ್ನು ನೋಡಿ ಬೇರೆ ಲೆಕ್ಕ ಹಾಕಿದರು. ಮುನಿತಾಯಮ್ಮ ಬೆಳೆಗೆ ಬೆಳೆ ತೀರಿಸಿದ್ದಷ್ಟೇ ಅಲ್ಲ, ಬೆಕ್ಕಿಗೆ ಬೆಕ್ಕನ್ನೂ ತೀರಿಸಿದಳು ಎಂದರು. ಮೊದಲ ಎರಡು ದಿನ ಅವಳಿಗೆ ಇದು ರುಚಿಸಿತು. ನಲ್ಲಿಯ ಹತ್ತಿರ ಹೋದರೆ ಜನ ಕೊಡ ಸರಿಸಿ ದಾರಿ ಬಿಡುತ್ತಿದ್ದರು. ಅವಳ ತಂಟೆಗೆ ಹೋಗಬೇಡ ಕಣೇ ಎಂದು ಸೊಸೆಯಂದಿರಿಗೆ ಹೇಳುವುದು ಕಿವಿಗೆ ಬಿದ್ದರೆ ಬೆನ್ನು ನೆಟ್ಟಗಾಗುತ್ತಿತ್ತು.

ಮೂರನೆಯ ದಿನ ಬೆಳಗ್ಗೆ ಪಟೇಲ ಕಾಣಲಿಲ್ಲ. ಹಿತ್ತಲು, ಅಟ್ಟ, ಹುಳುಮನೆ ಎಲ್ಲ ಹುಡುಕಿ ಬೀದಿಗೆ ಬಂದರೆ ನಲ್ಲಿಯ ಕಟ್ಟೆಯ ಮೇಲೆ ಆದಿನಾರಾಯಣಪ್ಪ ಕುಳಿತಿದ್ದ. ಬಲಗೈಯಲ್ಲಿ ಬಾಯಿ ಬಿಗಿಹಿಡಿದ ಗೋಣಿಚೀಲ, ಚೀಲದೊಳಗೆ ಒದ್ದಾಟ. ಎಡಗೈಯಲ್ಲಿ ತೆಂಗಿನ ಚಿಪ್ಪು, ಚಿಪ್ಪಿನಲ್ಲಿ ಕಲಸಿದ ಸುಣ್ಣ. ಪಾಪಮ್ಮ ಪಕ್ಕದಲ್ಲಿ ಗೌರಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ನಿಂತಿದ್ದಳು. ಬೀದಿಯೆಲ್ಲ ಸೇರಿತ್ತು. ಅವನ ದನಿ ಅವತ್ತೂ ಏರಿರಲಿಲ್ಲ.

"ಬಾ ತಾಯಮ್ಮ. ನಮ್ಮ ಗೌರಿಗೆ ಎಷ್ಟು ಹಾಕಿದೆ ಅಂತ ಹೇಳು. ಒಂದು ಚಿಟಿಕೆ ಅಂದ್ರೆ ಒಂದು ಚಿಟಿಕೆ, ಒಂದು ಹಿಡಿ ಅಂದ್ರೆ ಒಂದು ಹಿಡಿ. ಒಂದು ಕಾಳು ಹೆಚ್ಚು ಹಾಕಲ್ಲ."

ಬೈರಣ್ಣ ಕೆಮ್ಮಿ ಒಂದು ಹೆಜ್ಜೆ ಮುಂದಿಟ್ಟ. ಅಲ್ಲೇ ನಿಲ್ಲು ಮಾವ ಎಂದು ಆದಿನಾರಾಯಣಪ್ಪ ಚಿಪ್ಪನ್ನು ಚೀಲದ ಬಾಯಿಗೆ ತಂದ. ಆರು ತಿಂಗಳ ಹಿಂದಷ್ಟೇ ಹೊಲಿಗೆ ಹಾಕಿಸಿಕೊಂಡು ವಾಸಿಯಾದ ಒಸಡು. ಅದರ ಮೇಲೆ ಸುಣ್ಣ ಬಿದ್ದರೆ ಏನಾಗುತ್ತದೆ ಎಂಬುದು ಆ ಬೀದಿಯಲ್ಲಿ ಮುನಿತಾಯಮ್ಮನೊಬ್ಬಳಿಗೇ ಗೊತ್ತಿತ್ತು.

"ನಾನು ಹಾಕಲಿಲ್ಲಣ್ಣ," ಎಂದಳು.

"ಹಂಗಾದ್ರೆ ಯಾರು ಹಾಕಿದ್ದು?"

"ಯಾರೂ ಹಾಕಲಿಲ್ಲ. ಅದು ಒಸಡಿನ ರೋಗ. ಪಟೇಲಂಗೂ ಅದೇ ಬಂದಿದ್ದು." ಅವಳು ನೆಲ ನೋಡಿದಳು. "ನೀನೂ ಹಾಕಲಿಲ್ಲ."

ತುಂಬಿದ ಕೊಡದಿಂದ ನೀರು ಹೊರಗೆ ಹರಿಯುತ್ತಿದ್ದರೂ ನಲ್ಲಿ ನಿಲ್ಲಿಸುವ ಕೈ ಇರಲಿಲ್ಲ. ಮೊದಲು ಕೇಳಿದವಳು ಪಾಪಮ್ಮ.

"ಯಾವತ್ತು ಗೊತ್ತಾಯ್ತಕ್ಕ ನಿಂಗೆ?"

ಯುಗಾದಿ ಆದ ಮೇಲೆ, ಆಸ್ಪತ್ರೆಗೆ ಹೋದ ದಿನವೇ ಎಂದು ಮುನಿತಾಯಮ್ಮ ಒಪ್ಪಿಕೊಂಡಳು. ಒಡಹುಟ್ಟಿದ ಬೆಕ್ಕನ್ನೂ ಕರೆತರಲು ಡಾಕ್ಟರು ಹೇಳಿದ್ದನ್ನೂ, ತಾನು ಇಲ್ಲವೆಂದದ್ದನ್ನೂ ಯಾರೂ ಕೇಳದೆ ತಾನಾಗಿಯೇ ಹೇಳಿದಳು. ಅಷ್ಟು ಹೇಳಿದ ಮೇಲೆ ಅರ್ಧ ಮುಚ್ಚಿಟ್ಟುಕೊಳ್ಳುವುದು ಅವಳಿಂದ ಆಗಲಿಲ್ಲ. ಪಾಪಮ್ಮ ಸೆರಗಿನೊಳಗಿನ ಗೌರಿಯ ತಲೆ ಸವರಿದಳು. ಆರು ತಿಂಗಳು ಎಂದಳು.

ಆದಿನಾರಾಯಣಪ್ಪ ಸುಣ್ಣದ ಚಿಪ್ಪನ್ನು ಚರಂಡಿಗೆ ಬೋರಲು ಹಾಕಿ, ಚೀಲದ ಬಾಯಿ ಬಿಟ್ಟ. ಪಟೇಲ ಬಾಣದಂತೆ ಹಾರಿ ಯಾರದೋ ಮನೆಯ ಸೂರಿನಲ್ಲಿ ಮರೆಯಾಯಿತು. ಅವನು ಬೈಯಲಿಲ್ಲ, ಕೆಟ್ಟ ಬೆಳೆಗೆ ಪರಿಹಾರ ಕೇಳಲಿಲ್ಲ. ಹೆಂಡತಿಯ ಸೆರಗಿನಿಂದ ಗೌರಿಯನ್ನು ಎತ್ತಿ ಮುನಿತಾಯಮ್ಮನ ಕೈಗೆ ಕೊಟ್ಟು, ಇದನ್ನೂ ನೀನೇ ಕರೆದುಕೊಂಡು ಹೋಗು ಎಂದು ಹೇಳಿ ಮನೆಯೊಳಗೆ ಹೋದ. ಅವಳು ಅದೇ ಬುಟ್ಟಿಯಲ್ಲಿ ಗೌರಿಯನ್ನಿಟ್ಟುಕೊಂಡು ಮೊದಲ ಬಸ್ಸಿಗೆ ದೊಡ್ಡಬಳ್ಳಾಪುರಕ್ಕೆ ಹೋದಳು. ದಾರಿಯುದ್ದಕ್ಕೂ ಅದು ಅವಳ ಮುಂಗೈಯನ್ನು ಪರಚಿತು. ತಡವಾಗಿದ್ದರಿಂದ ಗೌರಿಯ ಕೋರೆಹಲ್ಲನ್ನೂ ಉಳಿಸಲು ಹರ್ಷಿತಳಿಗೆ ಆಗಲಿಲ್ಲ.

ಸೇಡು ತೀರಿತು ಎಂದು ಬೈರಣ್ಣ ತಿಳಿದಿದ್ದ. ತೀರಿರಲಿಲ್ಲ. ಆದಿನಾರಾಯಣಪ್ಪ ತನ್ನ ಸೇಡನ್ನು ಅವಳಿಂದಲೇ ಕಲಿತಿದ್ದ. ಅವನ ಮನೆಗೆ ಎಳೆಯ ಹುಳು ಬಂದ ಸಂಜೆಯೇ, ಕೈಕಾಲು ತೊಳೆಯುವ ಮೊದಲೇ, ಪಾಪಮ್ಮನನ್ನು ಕುಂಕುಮದ ಬಟ್ಟಲಿನೊಂದಿಗೆ ಬೀದಿಗೆ ಕಳಿಸುತ್ತಾನೆ. ಒಂದು ಮನೆ ಬಿಟ್ಟು ಎಲ್ಲ ಮನೆಗೂ. ಕೈ ಸಾಲದೆ ಹೋದರೂ ಸರಿ, ಆ ಒಂದು ಮನೆಗಿಲ್ಲ. ಆ ಮನೆಯವಳು ಕರೆಯಲು ಬಂದಾಗ ಹೆಂಗಸರಿಗೆ ಮೈ ಹುಷಾರಿರುವುದಿಲ್ಲ, ಇಲ್ಲವೇ ನೆಂಟರು ಬಂದಿರುತ್ತಾರೆ. ಮುಯ್ಯಾಳಿನಿಂದ ಬಿಟ್ಟವಳನ್ನು ಆ ಸೀಮೆಯಲ್ಲಿ ಯಾರೂ ಬೈಯುವುದಿಲ್ಲ, ಎದುರಾದರೆ ಊಟವಾಯಿತೇ ಎಂದು ಕೇಳುತ್ತಾರೆ. ಅಷ್ಟೇ. ಎರಡು ವರ್ಷವಾಯಿತು. ಮುನಿತಾಯಮ್ಮನ ಹುಳು ಹಣ್ಣಾದ ದಿನ ಬೇರೆ ಊರಿನಿಂದ ಆಟೋದಲ್ಲಿ ಕೂಲಿಯಾಳುಗಳು ಬರುತ್ತಾರೆ, ಕೆಲಸ ಮುಗಿಸಿ ಹೋಗುತ್ತಾರೆ. ಯಾರೂ ನಗುವುದಿಲ್ಲ.

ಮುನಿತಾಯಮ್ಮ ಪಾಪಮ್ಮನಿಗೆ ತಪ್ಪಾಯಿತೆಂದು ಹೇಳಿದಳು, ಅವಳ ಕೈ ಹಿಡಿದು ಹೇಳಿದಳು. ಆದಿನಾರಾಯಣಪ್ಪನಿಗೆ ಮಾತ್ರ ಇವತ್ತಿನವರೆಗೂ ಹೇಳಿಲ್ಲ. ಸುಣ್ಣ ಹಾಕುತ್ತೇನೆ ಎಂದು ಹತ್ತು ಜನರ ಮುಂದೆ ಅಂದವನು ಅವನೇ ತಾನೇ, ಆ ಮಾತು ಅವನ ಬಾಯಲ್ಲಿ ಬರದಿದ್ದರೆ ಇಷ್ಟೆಲ್ಲ ಆಗುತ್ತಿತ್ತೇ ಎಂಬುದು ಅವಳ ವಾದ. ಅದರಲ್ಲೂ ಸ್ವಲ್ಪ ನ್ಯಾಯವಿದೆ.

ಈಗ ಅವಳ ಕೆಲಸ ಬೆಕ್ಕುಗಳ ಬಾಯಿ ನೋಡುವುದು. ಸುತ್ತಲ ನಾಲ್ಕು ಹಳ್ಳಿಗಳಲ್ಲಿ ರೇಷ್ಮೆಯ ಮನೆ ಎಷ್ಟಿವೆಯೋ ಅಷ್ಟು ಬೆಕ್ಕುಗಳಿವೆ. ಒಂದನ್ನು ತೊಡೆಯ ಮೇಲೆ ಕೂರಿಸಿಕೊಂಡು, ಕಿವಿಯ ಹಿಂದೆ ಕೆರೆದು, ಅದು ಕಣ್ಣು ಮುಚ್ಚಿದಾಗ ಹೆಬ್ಬೆರಳಿನಿಂದ ಮೇಲಿನ ತುಟಿಯನ್ನು ಎತ್ತಿ ನೋಡುತ್ತಾಳೆ. ಹಲ್ಲಿನ ಬುಡದಲ್ಲಿ ಕೆಂಪು ಗೆರೆ ಕಂಡರೆ, ಉಸಿರಿನಲ್ಲಿ ನಾತ ಬಂದರೆ, ಒಂದೇ ದವಡೆಯಲ್ಲಿ ಅಗಿಯುತ್ತಿದ್ದರೆ ಅವತ್ತೇ ಬುಟ್ಟಿಗೆ. ವಾರಕ್ಕೊಮ್ಮೆಯಾದರೂ ದೊಡ್ಡಬಳ್ಳಾಪುರದ ಬಸ್ಸಿನಲ್ಲಿ ಅವಳ ಬುಟ್ಟಿ ಮಿಯಾಂವ್ ಎನ್ನುತ್ತದೆ. ಹರ್ಷಿತ ಅವಳಿಗೊಂದು ಜೊತೆ ದಪ್ಪ ಕೈಗವಸು ಕೊಟ್ಟಿದ್ದಾಳೆ. ಹಾಕಿಕೊಳ್ಳುವುದಿಲ್ಲ, ಹಾಕಿಕೊಂಡರೆ ಬೆಕ್ಕಿಗೆ ಅನುಮಾನ ಬರುತ್ತದಂತೆ.

ಒಂದೂ ಹಲ್ಲಿಲ್ಲದ ಗೌರಿ ದಿನಾ ಮಧ್ಯಾಹ್ನ ಗೋಡೆ ಹಾರಿ ಇವಳ ಜಗಲಿಗೆ ಬರುತ್ತದೆ. ಮೀನನ್ನು ಬೇಯಿಸಿ, ಮುಳ್ಳು ಬಿಡಿಸಿ, ಅನ್ನದೊಂದಿಗೆ ಬೆಣ್ಣೆಯಂತೆ ನುರಿಯುವ ತಾಳ್ಮೆ ಅವರ ಮನೆಯಲ್ಲಿ ಯಾರಿಗೂ ಇಲ್ಲ. ಆದಿನಾರಾಯಣಪ್ಪ ಅದನ್ನು ಕರೆಯಲು ಬಂದು ಗೋಡೆಯ ಆಚೆ ನಿಲ್ಲುತ್ತಾನೆ. ಇವಳನ್ನು ಮಾತಾಡಿಸುವುದಿಲ್ಲ, ಗೌರಿ ಉಣ್ಣದೆ ಹೋಗುವುದೂ ಇಲ್ಲ, ನಿಂತಿರಲೇಬೇಕು. ಅವನ ತಲೆ ಗೋಡೆಯ ಮೇಲೆ ಕಂಡಿತೆಂದರೆ ಮುನಿತಾಯಮ್ಮ ತಲೆ ಎತ್ತುವುದಿಲ್ಲ. ಮುಳ್ಳು ಬಿಡಿಸುವುದನ್ನು ಮಾತ್ರ ಇನ್ನಷ್ಟು ನಿಧಾನ ಮಾಡುತ್ತಾಳೆ.